ಆಟೊಗೆ ಅಡ್ಡ ಕಟ್ಟಿದ ಹಾಸು

ಹೋದ ವರ್ಷದ ಬೇಸಿಗೆ. ಯುಗಾದಿ ಮುಗಿದು ಸ್ವಲ್ಪ ದಿನವಾಗಿತ್ತು. ಗದಗ-ಬೆಟಗೇರಿಯಲ್ಲಿ ಬೆಳಗಿನ ಹೊತ್ತಿಗೇ ಡಾಂಬರು ಕಾದು ಚಪ್ಪಲಿಗೆ ಅಂಟುತ್ತಿದ್ದ ದಿನಗಳು. ಅಂಥದೊಂದು ದಿನ ಬೆಟಗೇರಿಯಿಂದ ಅಂತೂರ ಬೆಂತೂರಿಗೆ ಹೋಗುವ ದಾರಿಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆದರೆ ತಲೆಯೊಳಗೆ ಅದು ಮತ್ತೆ ಮತ್ತೆ ಸುತ್ತುವುದು ಸ್ವಲ್ಪವಾದರೂ ಕಡಿಮೆಯಾದೀತು ಎಂಬ ಆಸೆ.

ನಾನು ಮುಂಡರಗಿಯವಳು. ಭೂಗೋಳದಲ್ಲಿ ಎಂ.ಎ. ಮಾಡಿ ಕೆಲಸ ಹುಡುಕುತ್ತಿದ್ದಾಗ ಒಂದು ಸಂಶೋಧನಾ ಯೋಜನೆಯಲ್ಲಿ ಕ್ಷೇತ್ರ ಸಹಾಯಕಿಯ ಕೆಲಸ ಸಿಕ್ಕಿತು. ನಮ್ಮ ಭಾಗದ ಒಂದು ಕಾಲೇಜು, ಯುರೋಪಿನ ಒಂದು ವಿಶ್ವವಿದ್ಯಾಲಯ, ಕೆನ್ಯಾದ ಒಂದು ಸಂಸ್ಥೆ ಮೂರೂ ಸೇರಿ ನಡೆಸುತ್ತಿದ್ದ ಯೋಜನೆ ಅದು. ಮೆಟ್ರೊ, ದೊಡ್ಡ ಬಸ್ಸುಗಳ ಬಗ್ಗೆ ಎಲ್ಲರೂ ಅಧ್ಯಯನ ಮಾಡುತ್ತಾರೆ; ಆದರೆ ಗದಗಿನಂಥ ಊರಿನ ಜನ ಓಡಾಡುವುದು ಶೇರ್ ಆಟೊಗಳಲ್ಲಿ. ಅವು ಡೀಸೆಲ್ ಬಿಟ್ಟು ಬ್ಯಾಟರಿಗೆ ಬಂದರೆ ಹೊಗೆ ಎಷ್ಟು ತಗ್ಗುತ್ತದೆ, ವರ್ಷದಿಂದ ವರ್ಷಕ್ಕೆ ಏರುತ್ತಿರುವ ಈ ಬಿಸಿಲನ್ನು ಆ ಬ್ಯಾಟರಿಗಳು ತಡೆಯುತ್ತವೆಯೇ ಎಂದು ನೋಡುವುದು ನಮ್ಮ ಕೆಲಸ. ಅದಕ್ಕಾಗಿ ಯೋಜನೆಯವರೇ ಕೆಲವು ಬ್ಯಾಟರಿ ಆಟೊಗಳನ್ನು ತರಿಸಿ ಬೆಟಗೇರಿಯ ಚಾಲಕರಿಗೆ ಓಡಿಸಲು ಕೊಟ್ಟಿದ್ದರು. ಹಿಂದಿನ ಸೀಟಿನ ಕೆಳಗಿರುವ ಬ್ಯಾಟರಿ ಪೆಟ್ಟಿಗೆಗೆ ಬೆಂಕಿಪೊಟ್ಟಣದಷ್ಟು ಸಣ್ಣ ಉಪಕರಣವೊಂದನ್ನು ಅಂಟಿಸಿದ್ದರು. ಅದು ಶಾಖವನ್ನು ಅಳೆದು ಕಳಿಸುತ್ತಿತ್ತು. ನಾನು ಆಟೊಗಳಲ್ಲಿ ಕುಳಿತು ಪ್ರಯಾಣಿಕರನ್ನು ಮಾತನಾಡಿಸುತ್ತಿದ್ದೆ. ಎಲ್ಲಿಂದ, ಎಲ್ಲಿಗೆ, ಏನು ಸಾಮಾನು, ಒಳಗೆ ಸೆಕೆ ಹೇಗಿದೆ. "ಬೆವರು ಸುರಿಯೂದು ಕಣ್ಣಿಗೆ ಕಾಣಾಂಗಿಲ್ಲೇನ್ ತಂಗಿ? ಕೇಳಿ ಬರ್ಕೊಳಾಕ ಪಗಾರ ಬ್ಯಾರೆ ಕೊಡ್ತಾರ?" ಎಂದು ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಆಟೊಗಳಲ್ಲಿ ಒಂದು ಮಂಜಣ್ಣನದು. ಬೆಟಗೇರಿಯ ನೇಕಾರ ಮನೆತನದವನು. ಅಪ್ಪ ತೀರಿಕೊಂಡ ಮೇಲೆ ಮಗ್ಗಕ್ಕೆ ತಾಯಿ ನೀಲವ್ವ ಕುಳಿತುಕೊಳ್ಳುತ್ತಿದ್ದಳು, ಇವನು ಆಟೊ ಹಿಡಿದಿದ್ದ. ಮಾತಿನಲ್ಲಿ ಗಟ್ಟಿಗ, ಗಾಡಿಯನ್ನು ಮಾತ್ರ ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದ.

ಬಿಸಿಲು ಏರಿದಂತೆ ಉಳಿದೆಲ್ಲ ಆಟೊಗಳ ಬ್ಯಾಟರಿಯ ಶಾಖ ಏರುತ್ತ ಹೋಯಿತು. ಮಂಜಣ್ಣನದು ಏರಲಿಲ್ಲ. ಅದೇ ಗಾಡಿ, ಅದೇ ರಸ್ತೆ, ಅದೇ ಬಿಸಿಲು. ಆದರೂ ಅವನ ಪೆಟ್ಟಿಗೆ ಮಾತ್ರ ತಂಪು. ಯುರೋಪಿನಲ್ಲಿದ್ದವರು ಆ ಗ್ರಾಫ್ ನೋಡಿ ಹುರುಪಾದರು. ಆ ಚಾಲಕ ಏನು ಮಾಡುತ್ತಾನೋ ತಿಳಿದುಕೊಳ್ಳಿ, ಬಿಸಿ ದೇಶಗಳಿಗೆಲ್ಲ ಉಪಯೋಗವಾದೀತು ಎಂದು ಬರೆದರು. ಅದನ್ನು ನೋಡಲೆಂದೇ ಅಚಿಯೆಂಗ್ ಬಂದಳು.

ಅಚಿಯೆಂಗ್ ಕೆನ್ಯಾದ ತಂಡದ ಸಂಶೋಧಕಿ. ಆಗಲೇ ಒಂದು ಸಲ ಬಂದು ಹೋಗಿದ್ದಳು. ನಾನು ಮೇಡಂ ಎಂದರೆ ಒಪ್ಪುತ್ತಿರಲಿಲ್ಲ, ಹಾಗಾಗಿ ಅಕ್ಕ ಎನ್ನುತ್ತಿದ್ದೆ. ಎತ್ತರದ ಆಳು, ದೊಡ್ಡ ನಗು. ಅವಳ ಊರಿನಲ್ಲೂ ಬಾಡಿಗೆ ಬೈಕು, ಸಣ್ಣ ವ್ಯಾನುಗಳೇ ಜನರ ಆಧಾರವಂತೆ. ನಮ್ಮ ಆಟೊದವರ ಬಾಯಿಯಿಂದ ನಾಲ್ಕಾರು ಕನ್ನಡ ಶಬ್ದ ಕಲಿತಿದ್ದಳು: ಹತ್ರಿ, ಇಳೀರಿ, ಜಲ್ದಿ, ಸರೀರಿ. ಅವನ್ನು ಅವಳು ಹೇಳಿದರೆ ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ನಕ್ಕು ಬಿಡುತ್ತಿದ್ದರು.

ಆ ದಿನ ನಾವಿಬ್ಬರೂ ಸ್ಟ್ಯಾಂಡಿಗೆ ಹೋದಾಗ ಮಂಜಣ್ಣ ಕನ್ನಡಿ ಒರೆಸುತ್ತ ನಿಂತಿದ್ದ.

"ಮಂಜಣ್ಣ, ನಿನ್ನ ಬ್ಯಾಟರಿ ಯಾಕ ಕಾಯಂಗಿಲ್ಲ ಅಂತ ಕೇಳಾಕ ಅಕ್ಕಾರು ಸಮುದ್ರ ದಾಟಿ ಬಂದಾರ ನೋಡು" ಎಂದೆ.

ಅವನ ಮುಖ ಅರಳಿತು. "ಹಂಗೆಲ್ಲ ಸುಮ್ಮ ಹೇಳೂದಲ್ರೀ ಅದು. ಮೊದಲ ಗಾಡಿ ಹತ್ರಿ, ಬಿಸ್ಲಾಗ ಒಂದ್ ಸುತ್ತ ಹೊಡೀರಿ, ನಿಮ್ಮ ಮಷಿನ್ ಏನಂತೈತಿ ನೋಡ್ರಿ. ಹೊಳ್ಳಿ ಬಂದ ಮ್ಯಾಲೆ ಸೀಟ್ ಎತ್ತಿ ತೋರಸ್ತೇನಿ" ಎಂದ.

ಅದನ್ನು ಅಚಿಯೆಂಗ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಕೈ ಜೋಡಿಸಿ ತಲೆಬಾಗಿ, ಅಪ್ಪಣೆ ಎಂಬಂತೆ ನಟಿಸಿದಳು. ಎಲ್ಲರೂ ನಕ್ಕೆವು. ಆಗಲೇ ಸೀಟು ಎತ್ತಿಸಿ ನೋಡಿದ್ದರೆ ಎಂದು ಅಚಿಯೆಂಗ್ ಆಮೇಲೆ ಎಷ್ಟೋ ಸಲ ಹೇಳಿದಳು.

ಅಂತೂರ ಬೆಂತೂರಿಗೆ ಹೊರಟಿದ್ದ ಸವಾರಿ ಅದು. ಮಂಜಣ್ಣನ ತಂಗಿಯನ್ನು ಅಲ್ಲಿಗೆ ಕೊಟ್ಟಿದೆ, ಅವಳ ಮನೆಯಲ್ಲೂ ಮಗ್ಗವಿದೆ. ಅವಳಿಗೆ ಹಾಸು ಕೊಡಲು ನೀಲವ್ವ ಹೊರಟಿದ್ದಳು. ಹಾಸೆಂದರೆ ಸೀರೆಯ ಉದ್ದಕ್ಕೆ ಬರುವ ಎಳೆಗಳು. ನೂಲನ್ನು ಹಾಸಿ, ಗಂಜಿ ಹಚ್ಚಿ, ಒಣಗಿಸಿ, ಎಳೆ ಕೆಡದಂತೆ ಕೋಲುಗಳ ಸಮೇತ ಸುತ್ತಿ ಇಟ್ಟಿರುತ್ತಾರೆ. ಬಿಳಿ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಸುರುಳಿ ಅದು. ಅದಕ್ಕೆ ಅರಿಶಿಣದ ಬೊಟ್ಟು ಇಟ್ಟಿದ್ದಳು.

ಆಟೊದ ಹಿಂದಿನ ಸೀಟಿಗೆ ಬಲಗಡೆಯಿಂದ ಇಳಿಯಲಾಗದಂತೆ ಕಬ್ಬಿಣದ ಜಾಲರಿ ಬೆಸೆದಿರುತ್ತಾರೆ. ಹತ್ತುವುದು, ಇಳಿಯುವುದು ಎಡಗಡೆಯಿಂದ ಮಾತ್ರ. ನಾನು ಹಾಸನ್ನು ಕಾಲ ಬಳಿ ಇಡೋಣ ಎಂದೆ. ನೀಲವ್ವ ಹೌಹಾರಿದಳು.

"ಯವ್ವಾ, ಹಾಸಿನ ಮ್ಯಾಲೆ ಕಾಲ ಇಡ್ತಾರೇನ? ನಮ್ಮ ಮನ್ಯಾಗ ಕೂಸುಗೋಳು ಸೈತ ಹಾಸು ದಾಟಂಗಿಲ್ಲ, ಸುತ್ತ ಹಾಕ್ಕೊಂಡ ಬರ್ತಾವು."

"ನಮ್ಮವ್ವ ನನ್ನ ಬಿಟ್ಟಾಳು, ಹಾಸು ಬಿಡಂಗಿಲ್ರಿ" ಎಂದ ಮಂಜಣ್ಣ.

"ನಿನ್ನ ಬಿಟ್ರ ಗಂಟೇನ್ ಹೋಗ್ತೈತಿ? ಸುಮ್ನ ಹಗ್ಗ ಕೊಡೋ ಲೇ" ಎಂದಳು ನೀಲವ್ವ.

ತಾಯಿ ಮಗ ಸೇರಿ ಅವರು ಯಾವಾಗಲೂ ಮಾಡುವ ಹಾಗೆಯೇ ಮಾಡಿದರು. ನಾವು ಮೂವರು ಹೆಂಗಸರು ಹಿಂದೆ ಕುಳಿತ ಮೇಲೆ ಹಾಸನ್ನು ಎಡಗಡೆಯ ಬಾಯಿಗೆ ಅಡ್ಡಲಾಗಿ, ಮುಂದಿನ ಕಂಬಿಯಿಂದ ಹಿಂದಿನ ಕಂಬಿಗೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ ಬರುವಂತೆ ಕಟ್ಟಿದರು. ಯಾರ ಕಾಲೂ ತಾಗುವುದಿಲ್ಲ, ಅಲುಗಾಡುವುದಿಲ್ಲ. ಹೊರಗೆ ನಿಂತು ಮಗ ಸುತ್ತು ಹಾಕಿದ, ಒಳಗಿನಿಂದ ನಮ್ಮ ಮೇಲೆ ಬಾಗಿ ತಾಯಿ ಗಂಟು ಬಿಗಿದಳು. ನೀಲವ್ವ ಬಲಕ್ಕೆ ಜಾಲರಿಯ ಬದಿಗೆ, ಅಚಿಯೆಂಗ್ ನಡುವೆ, ನಾನು ಎಡಕ್ಕೆ. ಮುಂದೆ ಮಂಜಣ್ಣನ ಪಕ್ಕ ಅಂತೂರಿನ ಈರಪ್ಪ ಎಂಬ ರೈತರು ಒರಗಿ ಕುಳಿತರು. ಬಿಡದೆ ಮಾತನಾಡುವ ಮನುಷ್ಯ.

ಊರು ದಾಟಿದ ಮೇಲೆ ಎರಡೂ ಬದಿ ಎರೆ ಹೊಲ. ಜೋಳ, ಕಡಲೆ ಎಲ್ಲ ಕಿತ್ತಾಗಿತ್ತು. ಕೂಳೆ ಒಣಗಿ ನಿಂತಿತ್ತು. ದೂರದ ಗಾಳಿಯಂತ್ರಗಳು ತಿರುಗದೆ ಸುಮ್ಮನಿದ್ದವು. ಈರಪ್ಪನವರು ತಿರುಗಿ ಅಚಿಯೆಂಗ್ ಕಡೆ ನೋಡಿ, "ಇವರ ಊರಾಗ ಬಿಸ್ಲ ಇರಂಗಿಲ್ಲೇನ್ರಿ? ನಮ್ದ ಬೇಕಾತೇನು?" ಎಂದರು. ನಾನು ಅದನ್ನು ಅವಳಿಗೆ ಹೇಳಿದೆ. ಅವಳು, "ಇದೆ, ಆದರೆ ನಿಮ್ಮಷ್ಟು ಒಳ್ಳೆಯದಿಲ್ಲ" ಎಂದಳು. ಈರಪ್ಪನವರು ತೊಡೆ ತಟ್ಟಿ ನಕ್ಕರು.

ಅವರ ನಗು ನಿಲ್ಲುವ ಮೊದಲೇ ನನಗೆ ಒಂದು ವಾಸನೆ ಬಂತು. ಹೊಗೆಯ ವಾಸನೆಯಲ್ಲ. ಸಿಹಿ ಸಿಹಿ, ಉಗುರಿನ ಬಣ್ಣದ ಶೀಶೆಯ ಮುಚ್ಚಳ ತೆಗೆದರೆ ಬರುತ್ತದಲ್ಲ, ಹಾಗೆ. ನೀಲವ್ವನಿಗೆ ಕೇಳಿದೆ. "ಗಂಜೀ ವಾಸನಿ ಇರಬೇಕವ್ವ, ಹೊಸಾ ಹಾಸು" ಎಂದಳು. ಸರಿ ಇರಬಹುದು ಎಂದುಕೊಂಡೆ. ಆದರೆ ಅಚಿಯೆಂಗ್ ನಗುವುದನ್ನು ನಿಲ್ಲಿಸಿದ್ದಳು. ಮೂಗು ಮೇಲೆತ್ತಿ ಎರಡು ಸಲ ಉಸಿರೆಳೆದುಕೊಂಡಳು. ಆಮೇಲೆ ಸೀಟಿನ ಮೇಲೆ ಅಂಗೈ ಇಟ್ಟಳು. ಅವಳ ಮುಖ ಬದಲಾದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಏನು ಎಂದು ನಾನು ಕೇಳುವ ಮೊದಲೇ ಅವಳು ಕೂಗಿದಳು: "ಮಂಜು, ಸ್ಟಾಪ್! ಸ್ಟಾಪ್!"

ಗಾಡಿ ತಾನಾಗಿಯೇ ನಿಧಾನವಾಗುತ್ತಿತ್ತು. ಮುಂದಿನ ಫಲಕದ ದೀಪ ಆರಿ ಹೋಗಿತ್ತು. "ಚಾರ್ಜ್ ತುಂಬಿತ್ತಲ್ಲ..." ಎನ್ನುತ್ತ ಮಂಜಣ್ಣ ಬದಿಗೆ ಎಳೆದುಕೊಂಡ. ಸೀಟಿನ ಕೆಳಗಿಂದ ಪ್ರೆಶರ್ ಕುಕ್ಕರ್ ಕೂಗುವ ಮೊದಲು ಬರುವಂಥ ಸಣ್ಣ ಸುಂಯ್ ಸದ್ದು. ನಮ್ಮ ಕಾಲುಗಳ ನಡುವಿನಿಂದ ಬೆಳ್ಳನೆಯ ಹೊಗೆ ನೆಲದ ಮೇಲೆ ನೀರು ಹರಿದ ಹಾಗೆ ಹರಿದು ಬಂತು.

"ಇಳೀರಿ! ಇಳೀರಿ! ಜಲ್ದಿ ಇಳೀರಿ!" ಎಂದಳು ಅಚಿಯೆಂಗ್.

ಯಾವ ಶಬ್ದಗಳಿಗೆ ನಾವು ದಿನವೂ ನಗುತ್ತಿದ್ದೆವೋ ಅವೇ ಶಬ್ದಗಳು. ಆಗ ಯಾರೂ ನಗಲಿಲ್ಲ. ಈರಪ್ಪನವರು ಮುಂದಿನಿಂದ ಜಿಗಿದರು. ನಾನು ಏಳಲು ಹೋದೆ, ಮೊಣಕಾಲಿಗೆ ಹಾಸು ತಾಗಿತು. ಕೆಳಗಿನಿಂದ ತೂರಲು ಜಾಗವಿಲ್ಲ. ಹೇಗೆ ದಾಟಿದೆನೋ ತಿಳಿಯದು, ಮಣ್ಣಿನ ಮೇಲೆ ಬಿದ್ದಿದ್ದೆ. ಅಂಗೈ ತರಚಿ ರಕ್ತ ಬರುತ್ತಿತ್ತು. ನನ್ನ ಹಿಂದೆ ಅಚಿಯೆಂಗ್ ಒಂದು ಕಾಲು ಈಚೆ ಇಟ್ಟು, ಇನ್ನೊಂದು ಹಾಸಿನ ಮೇಲಿರುವಂತೆಯೇ ಬಗ್ಗಿ ನೀಲವ್ವನ ಕೈ ಹಿಡಿದು ಎಳೆದಳು.

ನೀಲವ್ವ ಬರಲಿಲ್ಲ.

ಎರಡೂ ಕೈಯಿಂದ ಅಚಿಯೆಂಗ್‌ಳ ಕಾಲನ್ನು ಹಾಸಿನ ಮೇಲಿಂದ ದೂಡುತ್ತಿದ್ದಳು. "ಕಾಲ ತಗೀರಿ! ಕಾಲ ತಗೀರಿ ಯವ್ವಾ! ಮಂಜ್ಯಾ, ಹಾಸು ಬಿಚ್ಚೋ! ಮೊದಲ ಹಾಸು ಬಿಚ್ಚು, ಇಳೀತೀನಿ!"

ಅಚಿಯೆಂಗ್ ಆಯ ತಪ್ಪಿ ಹೊರಗೆ ಬಿದ್ದಳು. ಒಳಗೆ ಉಳಿದದ್ದು ನೀಲವ್ವ ಒಬ್ಬಳೇ. ಆ ಮುದುಕಿ ಸೀಟಿನ ಮೂಲೆಯಿಂದ ಸರಿದು ಹಾಸಿನ ಬಳಿಗೆ ಬಂದಳು, ಅಷ್ಟೇ. ದಾಟಲಿಲ್ಲ. ಅದರ ಮೇಲೆ ಎರಡೂ ಕೈ ಊರಿ, ಹೊಸ್ತಿಲಲ್ಲಿ ಕುಳಿತವಳಂತೆ ಕುಳಿತಳು. ಅವಳ ಸೀರೆಯ ಸುತ್ತ ಹೊಗೆ ಏರುತ್ತಿತ್ತು.

ಮಂಜಣ್ಣ ಮುಂದಿನಿಂದ ಸುತ್ತಿ ಬಂದು ಗಂಟಿಗೆ ಕೈ ಹಾಕಿದ. ಅದು ಅವನ ತಾಯಿ ಬಿಗಿದ ಗಂಟು. ಹಾಸು ತೂಗಿದಷ್ಟೂ ಬಿಗಿಯಾಗುವಂಥದು. ದಿನವೂ ಬಿಚ್ಚುವ ಗಂಟೇ, ಆದರೆ ಆಗ ಸಡಿಲವಾಗಲಿಲ್ಲ. ಉಗುರು ಹಾಕಿದ, ಹಲ್ಲು ಹಚ್ಚಿದ. ನಾನು ಇನ್ನೊಂದು ತುದಿಯ ಗಂಟನ್ನು ಹಿಡಿದುಕೊಂಡೆ. ನನಗೆ ಅದರ ತಲೆ ಯಾವುದು ಬಾಲ ಯಾವುದು ತಿಳಿಯಲಿಲ್ಲ.

"ಅಜ್ಜೀ, ದಾಟ್ರಿ! ನಿಮ್ಮ ಕಾಲಿಗೆ ಬೀಳ್ತೀನ್ರಿ, ದಾಟ್ರಿ!" ಎಂದು ಕೂಗುತ್ತಿದ್ದೆ.

"ಹ್ಯಾಂಗ ದಾಟಲವ್ವಾ? ಹ್ಯಾಂಗ ದಾಟಲಿ?" ಎಂದಳು. ಹಟದ ದನಿಯಲ್ಲ ಅದು. ಖರೇ ಗೊತ್ತಿಲ್ಲದವಳು ಕೇಳಿದ ಹಾಗೆ ಕೇಳಿದಳು. ಅವಳು ಕೆಮ್ಮುತ್ತಿದ್ದಳು. ಕಣ್ಣಿನಿಂದ ನೀರು ಹರಿಯುತ್ತಿತ್ತು.

ಸುಂಯ್ ಸದ್ದು ಏರಿತು. ಸೀಟಿನ ಹಿಂಬದಿಯ ರೆಕ್ಸಿನ್ ಉಬ್ಬಿಕೊಂಡಿತು. ಅಚಿಯೆಂಗ್ ಎದ್ದು ಬಂದು ಅವಳ ಭಾಷೆಯಲ್ಲೋ ಇಂಗ್ಲಿಷಿನಲ್ಲೋ ಏನನ್ನೋ ಅರಚಿದಳು. ಆಗ ಮಂಜಣ್ಣ ಗಂಟಿನಿಂದ ಕೈ ತೆಗೆದ. ಒಂದು ಕ್ಷಣ ತಾಯಿಯ ಮುಖ ನೋಡಿದ. ಬಲಗಾಲನ್ನು ಎತ್ತಿ ಹಾಸಿನ ನಡುವೆ ಇಟ್ಟು, ಭಾರ ಬಿಟ್ಟು ತುಳಿದ. ಒಳಗಿನ ಕೋಲು ಮುರಿದ ಸದ್ದು ನನಗೆ ಕೇಳಿಸಿತು. ಹಾಸು ನಡುವಿಗೆ ಬಾಗಿ ಕೆಳಗೆ ಕುಸಿಯಿತು. ಅವನು ತಾಯಿಯ ಎರಡೂ ಕಂಕುಳಿಗೆ ಕೈ ಕೊಟ್ಟು, ಚೀಲ ಎತ್ತಿದ ಹಾಗೆ ಎತ್ತಿ ಹೊರಗೆ ಎಳೆದ. ಅವಳ ಕಾಲು ಹಾಸಿನ ಮೇಲೆ ಉಜ್ಜಿಕೊಂಡೇ ಬಂದವು.

ಅವಳನ್ನು ಎತ್ತಿಕೊಂಡು ಅವನು ಹೊಲದ ಬದುವಿನವರೆಗೆ ಬಂದಿರಬೇಕು, ಅಷ್ಟೇ. ಹಿಂದೆ ಢಬ್ ಎಂದಿತು. ತಿರುಗಿ ನೋಡಿದರೆ ನಾವು ಕುಳಿತಿದ್ದ ಸೀಟು ಮೇಲಕ್ಕೆ ಎದ್ದು, ಅದರ ಕೆಳಗಿನಿಂದ ಉರಿ ಪಿಚಕಾರಿ ಹೊಡೆದಂತೆ ಹೊರಗೆ ನುಗ್ಗುತ್ತಿತ್ತು. ನೀಲವ್ವ ಕುಳಿತಿದ್ದ ಜಾಗ ಅದು. ಅವಳನ್ನು ಅಲ್ಲಿಂದ ಎಳೆದು ಎಷ್ಟು ಹೊತ್ತಾಗಿತ್ತು ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಒಂದು ಸಲ ಉಸಿರು ಬಿಟ್ಟು ತೆಗೆದುಕೊಳ್ಳುವಷ್ಟು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಈರಪ್ಪನವರು ಪಕ್ಕದ ಹೊಲದ ಬೋರಿನ ಬಳಿ ಓಡಿ ಒಂದು ಕೊಡ ನೀರು ಹೊತ್ತು ಬಂದರು. ಅಚಿಯೆಂಗ್ ಎರಡೂ ಕೈ ಚಾಚಿ ಅವರ ಎದುರು ನಿಂತಳು. "ಸರೀರಿ! ಸರೀರಿ!" 

"ಬೆಂಕಿಗೆ ನೀರ ಹಾಕಬ್ಯಾಡ ಅಂತಾಳಲ್ರೀ ಈಕಿ! ಹುಚ್ಚಿ ಅದಾಳೇನು?" ಎಂದು ಅವರು ನನ್ನ ಮೇಲೆ ರೇಗಿದರು. ಒಂದು ಕೊಡದಿಂದ ಈ ಬೆಂಕಿ ಆರುವುದಿಲ್ಲ, ಹೊಗೆ ವಿಷ, ಹತ್ತಿರ ಹೋದರೆ ಉಳಿಯುವುದಿಲ್ಲ ಎಂದು ಅವಳು ಹೇಳಿದ್ದನ್ನು ನಾನು ಕೂಗಿ ಹೇಳಿದೆ. ಅಷ್ಟರಲ್ಲಿ ಮತ್ತೊಂದು ಢಬ್. ಈರಪ್ಪನವರು ಕೊಡವನ್ನು ಹೊಲದ ಅಂಚಿನ ಕೂಳೆಯ ಮೇಲೆ ಸುರಿದು, ಮತ್ತೆ ಓಡಿ ಮತ್ತೆ ತಂದು ಸುರಿದರು. ಆಚೆ ಮೇವಿನ ಬಣವೆ ಇತ್ತು. ಕಿಡಿ ಅಲ್ಲಿಗೆ ಹಾರಲಿಲ್ಲ. ಆ ದಿನ ಗಾಳಿ ಇರಲಿಲ್ಲ ಎಂಬುದೊಂದೇ ನಮ್ಮ ಪುಣ್ಯ.

ಆಟೊ ನಮ್ಮ ಕಣ್ಣೆದುರಿಗೇ ಪೂರ್ತಿ ಸುಟ್ಟಿತು. ಹಾಸೂ ಸುಟ್ಟಿತು. ಅಚಿಯೆಂಗ್‌ಳ ಉಪಕರಣದ ಚೀಲವೂ ಹೋಯಿತು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

ನೀಲವ್ವ ಬದುವಿನ ಮೇಲೆ ಕುಳಿತು ಮಗನ ಎದೆಗೆ ಗುದ್ದುತ್ತಿದ್ದಳು. "ಕಾಲಿಟ್ಟೆಲ್ಲೋ! ಹಾಸಿನ ಮ್ಯಾಲೆ ಕಾಲಿಟ್ಟೆಲ್ಲೋ ನನ ಮಗನ!" ಅವನು ಗುದ್ದಿಸಿಕೊಳ್ಳುತ್ತಿದ್ದ. ಆಮೇಲೆ ಅವಳ ಕಣ್ಣು ಅವನ ಕಾಲಿಗೆ ಬಿತ್ತು. ಹಾಸು ತುಳಿದಾಗ ಸೀಟಿನ ಕೆಳಗಿನ ಬಿಸಿ ಹೊಗೆ ತಾಗಿ ಮೀನಖಂಡದ ಬಳಿ ಪ್ಯಾಂಟು ಸುಟ್ಟು ಚರ್ಮಕ್ಕೆ ಅಂಟಿತ್ತು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ನೀಲವ್ವನ ಕೈ ನಿಂತಿತು. ಆ ಕಾಲನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡಳು.

ದಾರಿಯಲ್ಲಿ ಬಂದ ಒಂದು ಟೆಂಪೊದವರು ನಮ್ಮನ್ನು ಗದಗಿನ ಆಸ್ಪತ್ರೆಗೆ ಕರೆತಂದರು. ಮಂಜಣ್ಣನಿಗೆ ಪಟ್ಟಿ ಕಟ್ಟಿದರು, ನೀಲವ್ವನಿಗೆ ಆಮ್ಲಜನಕ ಕೊಟ್ಟು ಒಂದು ರಾತ್ರಿ ಇರಿಸಿಕೊಂಡರು. ಅಲ್ಲಿಯೇ, ಹಾಸಿಗೆಯ ಮೇಲೆ ಕುಳಿತು, ಮಂಜಣ್ಣ ತನ್ನ ಗುಟ್ಟನ್ನು ಹೇಳಿದ.

ಬೇಸಿಗೆಯ ಒಣ ಗಾಳಿಗೆ ನೂಲು ಕಡಿಯುತ್ತದೆ. ಹಾಗಾಗಿ ಬೆಟಗೇರಿಯ ನೇಕಾರರ ಮನೆಗಳಲ್ಲಿ ಮಗ್ಗದ ಗುಂಡಿಗೆ ನೀರು ಚಿಮುಕಿಸುತ್ತಾರೆ, ಕಿಟಕಿಗೆ ಗೋಣಿ ತಟ್ಟು ತೋಯಿಸಿ ಕಟ್ಟುತ್ತಾರೆ. ಮಂಜಣ್ಣ ಹುಟ್ಟಿದಾಗಿನಿಂದ ನೋಡಿದ್ದು ಅದೇ. ಬ್ಯಾಟರಿ ಕಾದರೆ ಕೆಡುತ್ತದೆ ಎಂದು ನಮ್ಮವರೇ ಎಲ್ಲ ಚಾಲಕರಿಗೂ ಹೇಳಿದ್ದರು. ಇವನು ದಿನವೂ ಬೆಳಗ್ಗೆ ಗೋಣಿ ತಟ್ಟನ್ನು ತೋಯಿಸಿ ಹಿಂಡಿ, ಬ್ಯಾಟರಿ ಪೆಟ್ಟಿಗೆಗೆ ಸುತ್ತಿ, ಮೇಲೆ ಸೀಟು ಮುಚ್ಚುತ್ತಿದ್ದ. ಮಧ್ಯಾಹ್ನ ಒಣಗಿದರೆ ಮತ್ತೆ ನೀರು.

"ಮಗ್ಗ ತಂಪಿದ್ರ ಎಳಿ ಕಡಿಯಂಗಿಲ್ಲ. ಇದೂ ಹಂಗ ಅಂತ ತಿಳದ್ನಿರಿ" ಎಂದ. "ಮತ್ತ ನಿಮ್ಮ ಮಷಿನ್ನೂ ಹೌದ ಅಂತಲ್ರೀ."

ಅವನು ಹೇಳಿದ್ದು ಸರಿ. ನಮ್ಮ ಉಪಕರಣ ಪೆಟ್ಟಿಗೆಯ ಹೊರಗೆ ಅಂಟಿತ್ತು. ಅದು ಅಳೆಯುತ್ತಿದ್ದದ್ದು ಒದ್ದೆ ಗೋಣಿಯ ತಂಪನ್ನು. ಒಳಗೆ ಏನಾಗುತ್ತಿತ್ತೋ ಅದಕ್ಕೆ ಗೊತ್ತಿರಲಿಲ್ಲ. ದಿನವೂ ಇಳಿದ ನೀರು ತಂತಿ ಸೇರುವ ಕಡೆ ಹೊಕ್ಕು ಜಂಗು ಹಿಡಿಸಿ, ಕೊನೆಗೆ ಒಳಗೇ ಶಾರ್ಟ್ ಆಗಿರಬೇಕು ಎಂದು ಸುಟ್ಟ ಗಾಡಿಯನ್ನು ನೋಡಿದ ಎಂಜಿನಿಯರು ಹೇಳಿದರು. ದೂರದ ದೇಶದಲ್ಲಿ ಕುಳಿತವರು ಮೆಚ್ಚಿ ನೋಡಿದ ಆ ಗ್ರಾಫ್‌ನ ಕೆಳಗೆ, ಅಷ್ಟು ದಿನವೂ ಈ ಬೆಂಕಿ ತಯಾರಾಗುತ್ತಿತ್ತು. ಆ ಸೀಟಿನ ಮೇಲೆ ಕೂಸು ಎತ್ತಿಕೊಂಡ ಬಾಣಂತಿಯರು ಕುಳಿತಿದ್ದರು. ಸೆಕೆ ಹೇಗಿದೆ ಎಂದು ಅವರನ್ನು ನಾನು ಕೇಳಿದ್ದೆ.

ಒಂದು ವಾರದ ಮೇಲೆ ಮೂರೂ ದೇಶದವರು ಕಂಪ್ಯೂಟರ್ ಪರದೆಯ ಮೇಲೆ ಸಭೆ ಸೇರಿದರು. ಎಲ್ಲ ಬ್ಯಾಟರಿ ಆಟೊಗಳನ್ನೂ ಅಷ್ಟರಲ್ಲಿ ನಿಲ್ಲಿಸಿದ್ದರು. ಗಾಡಿ ಯೋಜನೆಯದಾದ್ದರಿಂದ ಅದರ ಹೊರೆ ಮಂಜಣ್ಣನ ಮೇಲೆ ಬೀಳಲಿಲ್ಲ. ಯಾರೂ ಅವನನ್ನು ಬೈಯಲಿಲ್ಲ. ಉಪಕರಣವನ್ನು ಹೊರಗೆ ಅಂಟಿಸಿದ್ದು ನಮ್ಮ ತಪ್ಪು, ಸೀಟು ಎತ್ತಿ ನೋಡುವ ಪದ್ಧತಿ ಇಡದಿದ್ದದ್ದು ನಮ್ಮ ತಪ್ಪು ಎಂದು ಯುರೋಪಿನ ಮುಖ್ಯಸ್ಥರು ನೇರವಾಗಿ ಒಪ್ಪಿಕೊಂಡರು. ಆಮೇಲೆ ಕಣ್ಣಾರೆ ಕಂಡದ್ದನ್ನು ನನ್ನಿಂದ ಹೇಳಿಸಿದರು. ನಾನು ಹೇಳಿ ಮುಗಿಸಿದಾಗ ಅವರಲ್ಲೊಬ್ಬ ಯುವಕ, ಕೆಟ್ಟ ಮನಸ್ಸಿನಿಂದ ಅಲ್ಲ, ತಿಳಿಯದೆ ಕೇಳಿದ: "ಆದರೆ ಆಕೆ ಸುಮ್ಮನೆ ಇಳಿದು ಬರಬಹುದಿತ್ತಲ್ಲ?"

ಗಂಟಿನ ಮೇಲಿದ್ದ ಮಂಜಣ್ಣನ ಬೆರಳು, "ಹ್ಯಾಂಗ ದಾಟಲವ್ವಾ" ಎಂಬ ದನಿ ಎಲ್ಲ ನನಗೆ ಒಮ್ಮೆಗೇ ನೆನಪಾದವು. ಅಚಿಯೆಂಗ್ ಆಗಿನ್ನೂ ಗದಗಿನಲ್ಲೇ ಇದ್ದಳು, ನನ್ನ ಪಕ್ಕದಲ್ಲೇ ಕುಳಿತಿದ್ದಳು. ಅವಳು ಹೇಳಿದಳು: "ಅವರು ಇಳಿಯುವುದಿಲ್ಲ ಎಂದು ತಿಳಿದುಕೊಂಡೇ ನಾವು ಗಾಡಿ ಮಾಡಬೇಕು. ನನ್ನ ಊರಿನ ಮೀನು ಮಾರುವ ಹೆಂಗಸರೂ ಬುಟ್ಟಿ ಬಿಟ್ಟು ಇಳಿಯುವುದಿಲ್ಲ."

ಯುರೋಪಿನ ಮುಖ್ಯಸ್ಥರು ಆ ಮಾತನ್ನು ಬರೆದುಕೊಂಡರು.

ಈಗ ಓಡುತ್ತಿರುವ ಹೊಸ ಆಟೊಗಳಲ್ಲಿ ಬ್ಯಾಟರಿ ಸೀಟಿನ ಕೆಳಗಿಲ್ಲ. ಎರಡೂ ಕಡೆ ಇಳಿಯಬಹುದು. ಬಲಗಡೆಯ ಜಾಲರಿಗೆ ಒಳಗಿನಿಂದಲೇ ತೆಗೆಯುವ ಚಿಲಕವಿದೆ. ಮೇಲೆ, ಚಾವಣಿಯ ಕೆಳಗೆ, ಉದ್ದ ಸಾಮಾನು ಇಡಲು ಎರಡು ಕೊಕ್ಕೆಗಳಿವೆ. ಕೊಕ್ಕೆ ಎಲ್ಲಿರಬೇಕು ಎಂದು ತೋರಿಸಿದವನು ಮಂಜಣ್ಣ. ಅವನು ಮೊದಮೊದಲು ಬ್ಯಾಟರಿ ಗಾಡಿ ಮುಟ್ಟಲೂ ಒಪ್ಪಿರಲಿಲ್ಲ. ಈಗ ಓಡಿಸುತ್ತಾನೆ. ಆದರೆ ಸವಾರಿ ಹತ್ತಿಸುವ ಮೊದಲು ಎರಡು ಸಲ ಮೂಸಿ ನೋಡುತ್ತಾನೆ, ಸ್ಟ್ಯಾಂಡಿನ ಗೆಳೆಯರು, "ಏನಲೇ ಮಂಜ್ಯಾ, ಹೂವಿನ ಅಂಗಡಿ ಇಟ್ಟಿಯೇನು?" ಎಂದು ಕಾಡಿಸುತ್ತಾರೆ.

ಮಳೆಗಾಲದಲ್ಲಿ ಒಂದು ದಿನ ನೀಲವ್ವನನ್ನು ನೋಡಲು ಅವರ ಮನೆಗೆ ಹೋಗಿದ್ದೆ. ಚಹಾ ಕೊಟ್ಟಳು. ಕೇಳಬೇಕೋ ಬೇಡವೋ ಎಂದುಕೊಳ್ಳುತ್ತಲೇ ಕೇಳಿಯೇ ಬಿಟ್ಟೆ: "ಅಜ್ಜಿ, ಅವತ್ತ ಮಂಜಣ್ಣ ತುಳೀಲಿಲ್ಲಂದ್ರ ನೀವು ಇಳೀತಿದ್ರೇನು?"

ನೀಲವ್ವ ಕಪ್ಪನ್ನು ಕೆಳಗಿಟ್ಟಳು. "ನಾನೂ ಅದನ್ನ ಕೇಳ್ಕೊಂತೇನವ್ವ ದಿನಾ" ಎಂದಳು. "ಇಳೀಬೇಕು ಅಂತ ಬುದ್ಧಿಗೆ ಗೊತ್ತಿತ್ತು. ಕಾಲು ಏಳಲಿಲ್ಲ. ಈ ಕಾಲು ಹುಟ್ಟಿದಾಗಿಂದ ಹಾಸಿನ ಸುತ್ತ ಹಾಕಿ ಬಂದಾವು. ಅವಕ್ಕ ಬೆಂಕಿ ಬಿತ್ತು ಅಂತ ಒಮ್ಮಿಗಿಲೆ ಹ್ಯಾಂಗ ತಿಳೀಬೇಕು ಹೇಳು?" ಕಪ್ಪನ್ನು ಮತ್ತೆ ಕೈಗೆತ್ತಿಕೊಂಡು, "ಅಂವ ತುಳದಾ ಅಂತ ಸಿಟ್ಟು ಇನ್ನೂ ಐತಿ. ತುಳೀದಿದ್ರ ಅಂವನ್ನ ಬಯ್ಯಾಕ ನಾ ಇರತಿದ್ದಿಲ್ಲ. ಎರಡೂ ಖರೇನ" ಎಂದಳು.

ನಾನು ಆ ಕೆಲಸ ಬಿಟ್ಟಿಲ್ಲ. ಹೊಗೆ ಕಡಿಮೆಯಾಗಬೇಕು, ಬಿಸಿಲು ಇಷ್ಟಕ್ಕೇ ನಿಲ್ಲಬೇಕು ಎಂದು ನನಗೂ ಇದೆ. ಈಗಲೂ ದಿನವೂ ಆಟೊದಲ್ಲಿ ಕೂರುತ್ತೇನೆ, ಲಕ್ಷ್ಮೇಶ್ವರ, ಶಿರಹಟ್ಟಿಯ ಕಡೆಗೂ ಹೋಗುತ್ತೇನೆ, ಅವೇ ಪ್ರಶ್ನೆ ಕೇಳುತ್ತೇನೆ. ಆದರೆ ಯಾರಾದರೂ ಪಕ್ಕದಲ್ಲಿ ಉಗುರಿಗೆ ಬಣ್ಣ ಹಚ್ಚಿದರೂ ಸಾಕು, ಸೀಟಿನ ಮೇಲೆ ಅಂಗೈ ಇಟ್ಟು ನೋಡುತ್ತೇನೆ. ಗಾಡಿ ಹೊರಟ ಮೇಲೆ ನನ್ನ ಕಣ್ಣು ತಾನಾಗಿ ಎದುರಿನವರ ಕಡೆ, ಪಕ್ಕದವರ ಕಡೆ ಹೋಗುತ್ತದೆ. ಒಬ್ಬರ ಮಡಿಲಲ್ಲಿ ಮೊಟ್ಟೆಯ ತಟ್ಟೆ, ಒಬ್ಬರ ಕೈಯಲ್ಲಿ ಬಿಗಿಯಾಗಿ ಹಿಡಿದ ಆಸ್ಪತ್ರೆಯ ಚೀಲ, ಇನ್ನೊಬ್ಬರ ಕಾಲ ಸಂದಿಯಲ್ಲಿ ಬಟ್ಟೆ ಮುಚ್ಚಿದ ದೇವರ ಪೆಟ್ಟಿಗೆ. ಸೆಕೆ ಹೇಗಿದೆ ಎಂದು ಬಾಯಿ ಕೇಳುತ್ತಿರುತ್ತದೆ. ಮನಸ್ಸು ಮಾತ್ರ ಬೇರೆ ಏನನ್ನೋ ಕೇಳುತ್ತಿರುತ್ತದೆ: ಈಗ ಇಲ್ಲಿ ಬೆಂಕಿ ಎದ್ದರೆ, ಇವರಲ್ಲಿ ಯಾರು ಯಾವುದನ್ನು ಬಿಟ್ಟು ಇಳಿಯಲಾರರು?